ಹಾಲು, ಮಟನ್ ಮತ್ತು ನನ್ನ ಅಣ್ಣನ ಬೆರಳು

ಪಾರ್ಕಿನ್ಸನ್ ರೋಗ ಬಂದರೆ ಕೈ ನಡುಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಮನುಷ್ಯನನ್ನು ಊಟದ ತಾಟಿನ ಮುಂದೆ ಕೂರಿಸಿಕೊಂಡು ಹೊಡೆಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ರೋಗದ ಕತೆ ಆಸ್ಪತ್ರೆಗಿಂತ ಹೆಚ್ಚಾಗಿ ನಮ್ಮ ಅಡುಗೆಮನೆಯಲ್ಲೇ ನಡೆಯಿತು. ರಕ್ತ ಬಿದ್ದದ್ದೂ ಅಲ್ಲೇ.

ನನ್ನ ಹೆಸರು ಮಾಳಪ್ಪ. ಊರು ಮೂಡಲಗಿ. ನಮ್ಮದು ಕುರಿ ಸಾಕುವ ಮನೆತನ, ಈಗ ಕಬ್ಬು, ಗೋವಿನಜೋಳವನ್ನೂ ಬೆಳೆಯುತ್ತೇವೆ. ಅಪ್ಪ ಬೇಗ ತೀರಿಕೊಂಡ. ನನ್ನನ್ನು ಬೆಳೆಸಿದವನು ಅಣ್ಣ ಲಗಮಣ್ಣ. ಅವನು ಕುಸ್ತಿ ಆಡುತ್ತಿದ್ದ, ನನಗೂ ಅದನ್ನೇ ಕಲಿಸಿದ. ಬೆಳಿಗ್ಗೆ ಎದ್ದೊಡನೆ ಹಾಲು, ತಾಲೀಮಿನಿಂದ, ಅಂದರೆ ಗರಡಿಮನೆಯಿಂದ, ಬಂದರೆ ಬಾದಾಮಿ ಅರೆದ ಹಾಲು, ಮಧ್ಯಾಹ್ನ ತತ್ತಿ, ಆಗಾಗ ಮಟನ್. ತಾನು ತಿನ್ನದೆ ನನ್ನ ತಾಟಿಗೆ ಹಾಕುತ್ತಿದ್ದ. ನನ್ನ ತೊಡೆ, ತೋಳು, ಕುತ್ತಿಗೆ ಎಲ್ಲವೂ ಅವನು ಹಾಕಿದ ಅನ್ನದಿಂದ ಆದದ್ದು. ಮುಂದೆ ನಾನೇ ಊರಿನ ತಾಲೀಮಿನಲ್ಲಿ ವಸ್ತಾದ ಆದಾಗ, ಅಂದರೆ ಕುಸ್ತಿ ಕಲಿಸುವವನಾದಾಗ, ಅಣ್ಣ ಹಟ್ಟಿಯ ತುಂಬ ತಿರುಗಾಡಿ ಎಲ್ಲರಿಗೂ ಹೇಳಿದ.

ರೋಗ ಮೊದಲು ತಿಂದದ್ದು ನನ್ನ ಮೂಗನ್ನು. ಒಲೆಯ ಮೇಲೆ ಉಳ್ಳಾಗಡ್ಡಿ ಕರಕಲಾಗಿ ಮನೆ ತುಂಬ ಹೊಗೆ ತುಂಬಿದರೂ ನಾನು ಅಲ್ಲೇ ಕುಳಿತಿದ್ದೆ. ನನ್ನ ಹೆಂಡತಿ ನೀಲವ್ವ ಹಿತ್ತಲಿನಿಂದ ಓಡಿ ಬಂದು, "ಇಲ್ಲೇ ಕುಂತೀರಿ, ಮೂಗ ಇಲ್ಲೇನ್ರಿ ನಿಮಗ?" ಎಂದು ಬೈದಳು. ಇಬ್ಬರೂ ನಕ್ಕೆವು. ಆಮೇಲೆ ಬಲಗೈ ಹೋಯಿತು. ಒಂದು ಸಂಜೆ ತಾಲೀಮಿನಲ್ಲಿ ಪೈಲ್ವಾನನೊಬ್ಬನನ್ನು ಹಿಡಿಯಲು ಹೋದಾಗ ಬೆರಳುಗಳು ಮಡಚಲೇ ಇಲ್ಲ. ಅವನು ನನ್ನನ್ನು ಎತ್ತಿ ಎಸೆದ. ಮುಖ ನೆಲಕ್ಕೆ ಬಡಿದು ಮುಂದಿನ ಹಲ್ಲು ಮುರಿಯಿತು. ಎದ್ದು ಬಾಯಿಯ ರಕ್ತವನ್ನು ಕೆಂಪು ಮಣ್ಣಿಗೆ ಉಗಿದು ಮತ್ತೆ ಹಿಡಿಯಲು ಹೋದೆ. ಮತ್ತೆ ಬಿದ್ದೆ. ಸುತ್ತ ನಿಂತಿದ್ದವರು ಸುಮ್ಮನಾದರು. ಆ ಮೌನ ಮುರಿದ ಹಲ್ಲಿಗಿಂತ ಹೆಚ್ಚು ನೋಯಿಸಿತು.

ಬೆಳಗಾವಿಯ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರ ಕೋಣೆಯ ಹೊರಗೆ ಬೆಂಚುಗಳಿದ್ದವು. ಎದುರಿನ ಬೆಂಚಿನಲ್ಲಿ ಒಬ್ಬ ಮುದುಕ ಕುಳಿತಿದ್ದ, ಅವನ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಅದನ್ನು ಒರೆಸುತ್ತಲೇ ಇದ್ದಳು. ಅವನ ಮುಖದಲ್ಲಿ ನಗುವಿಲ್ಲ, ಅಳುವಿಲ್ಲ. ನನಗೆ ಆ ಬೆಂಚನ್ನು ಎತ್ತಿ ಗೋಡೆಗೆ ಬಡಿಯಬೇಕೆನಿಸಿತು. ನಾನು ಅವನಲ್ಲ, ನಾನು ಅವನಾಗುವುದಿಲ್ಲ ಎಂದು ಹಲ್ಲು ಕಚ್ಚಿ ಕುಳಿತೆ.

ಡಾಕ್ಟರು ನಡುವಯಸ್ಸಿನ ಹೆಂಗಸು. ನಡೆಸಿದರು, ಬೆರಳು ತೆರೆದು ಮುಚ್ಚಿಸಿದರು, ತೋಳು ಹಿಡಿದು ತಿರುಗಿಸಿದರು. ಆಮೇಲೆ ರೋಗದ ಹೆಸರು ಹೇಳಿದರು. ಜೊತೆಗೆ ಬಂದಿದ್ದ ಅಣ್ಣ ಮೇಜಿಗೆ ಗುದ್ದಿದ.

"ನಿಮಗ ತಪ್ಪ ಆಗೇತ್ರಿ. ಇಂವ ಪೈಲ್ವಾನ ಅದಾನ. ಇವನ ಮೈ ನೋಡ್ರಿ!"

"ಪೈಲ್ವಾನರಿಗೂ ಬರತೈತ್ರಿ," ಎಂದರು ಅವರು ದನಿ ಏರಿಸದೆ. "ಮೇಜ ಮುರದ್ರೂ ಹೋಗೂದಿಲ್ಲ. ಗುಳಿಗಿ ಕೊಡತೇನಿ, ಊಟಕ್ಕಿಂತ ಮೊದ್ಲ ತಗೋಬೇಕು."

ಗುಳಿಗೆ ಮೊದಮೊದಲು ಚೆನ್ನಾಗಿ ನಾಟಿತು. ಕೈ ಸಡಿಲಾಯಿತು, ನಡಿಗೆ ಬಂತು. ಆದರೆ ಹೊಟ್ಟೆ ತೊಳಸಿ ವಾಂತಿ ಬರುತ್ತಿತ್ತು. ಖಾಲಿ ಹೊಟ್ಟೆಗೆ ಬೇಡವೆಂದು ನೀಲವ್ವ ಗುಳಿಗೆಯ ಜೊತೆ ಒಂದು ದೊಡ್ಡ ಲೋಟ ಹಾಲು ಕೊಡತೊಡಗಿದಳು. ಊಟಕ್ಕೆ ಮೊದಲೇ ಕೊಡುತ್ತಿದ್ದೇವಲ್ಲ ಎಂದು ನಮ್ಮ ಲೆಕ್ಕ. ನಮ್ಮ ಮನೆಯಲ್ಲಿ ಹಾಲನ್ನು ಯಾರೂ ಊಟ ಎಂದು ಕರೆದವರಲ್ಲ.

ಆಮೇಲೆ ನಾನು ಕರಗತೊಡಗಿದೆ. ವಾಸನೆ ಇಲ್ಲದ ಮೇಲೆ ಸಾರಿಗೂ ಬಿಸಿನೀರಿಗೂ ಭೇದವಿಲ್ಲ. ಜೋಳದ ರೊಟ್ಟಿ ಬಾಯಲ್ಲಿ ಪುಡಿಯಾಗಿ ಗಂಟಲಲ್ಲಿ ಕಿರಿಕಿರಿ ಮಾಡುತ್ತಿತ್ತು, ಕೆಮ್ಮಿದರೆ ತಾಟಿನ ತುಂಬ ಹಾರುತ್ತಿತ್ತು. ತುತ್ತು ಬಾಯಿಗೆ ಬರುವ ಮೊದಲೇ ಕೈ ಗದ್ದಕ್ಕೆ ಬಡಿಯುತ್ತಿತ್ತು. ಎಲ್ಲರೂ ಉಂಡು ಕೈ ತೊಳೆದರೂ ನನ್ನ ತಾಟು ಹಾಗೇ ಆರಿಕೊಂಡು ಇರುತ್ತಿತ್ತು. ಹೊಟ್ಟೆ ಕಲ್ಲಿನಂತೆ ಕಟ್ಟಿಕೊಂಡಿತು, ಪಾಯಖಾನೆಯಲ್ಲಿ ಗೋಡೆಗೆ ತಲೆ ಜಜ್ಜಿಕೊಂಡ ದಿನಗಳಿವೆ. ಧೋತರ ಸೊಂಟದಲ್ಲಿ ನಿಲ್ಲದಾಯಿತು. ಕನ್ನಡಿಯಲ್ಲಿ ನೋಡಿದರೆ ಪುಕ್ಕ ಕಿತ್ತ ಕೋಳಿಯ ಕುತ್ತಿಗೆ. ಆ ಕನ್ನಡಿಗೆ ತಂಬಿಗೆ ಎಸೆದೆ. ಚೂರುಗಳನ್ನು ನೀಲವ್ವ ಆರಿಸಿದಳು.

ಅಣ್ಣನಿಗೆ ಗೊತ್ತಿದ್ದ ಔಷಧ ಒಂದೇ. ದಿನಾ ಬೆಳಿಗ್ಗೆ ಹಟ್ಟಿಯ ತನ್ನ ಮನೆಯಿಂದ ಹಾಲಿನ ಚರಿಗೆ ಹಿಡಿದು ಬರುತ್ತಿದ್ದ. ಹಾಲಿಗೆ ಹಸಿ ತತ್ತಿ ಒಡೆದು ಹಾಕುತ್ತಿದ್ದ. ಮಧ್ಯಾಹ್ನದ ಗುಳಿಗೆಯ ಹೊತ್ತಿಗೆ ಎಲುಬಿನ ಸಾರು. ಕುಡಿದು ಅರ್ಧ ತಾಸಿಗೆ ನಾನು ಕಲ್ಲಾಗುತ್ತಿದ್ದೆ. ಪಾದಗಳು ನೆಲಕ್ಕೆ ಮೊಳೆ ಹೊಡೆದಂತೆ, ದವಡೆ ಬಿಗಿದು, ರೆಪ್ಪೆ ಕೂಡ ಭಾರವಾಗಿ. "ನೋಡು, ಮೈಯಾಗ ಶಕ್ತಿ ಇಲ್ಲ. ಇನ್ನಷ್ಟ ಕುಡಿ," ಎನ್ನುತ್ತಿದ್ದ ಅಣ್ಣ. ನಾನು ಇನ್ನಷ್ಟು ಕುಡಿಯುತ್ತಿದ್ದೆ, ಇನ್ನಷ್ಟು ಕಲ್ಲಾಗುತ್ತಿದ್ದೆ. ಗುಳಿಗೆ ಸಾಲುತ್ತಿಲ್ಲವೆಂದು ಡಾಕ್ಟರು ಅದನ್ನು ಹೆಚ್ಚು ಮಾಡಿದರು. ಆಗ ಇನ್ನೊಂದು ಪೀಡೆ ಶುರುವಾಯಿತು. ಹೊಟ್ಟೆ ಖಾಲಿಯಾದ ಹೊತ್ತಿನಲ್ಲಿ ಕೈಕಾಲು ನನ್ನ ಮಾತು ಕೇಳದೆ ತಾವೇ ಹಾರಾಡುತ್ತಿದ್ದವು. ಒಮ್ಮೆ ಶರ್ಟಿನ ಗುಂಡಿ ಹಾಕುತ್ತಿದ್ದ ನೀಲವ್ವನ ಹುಬ್ಬಿಗೆ ನನ್ನ ಮೊಣಕೈ ಬಡಿಯಿತು. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. "ನೀವ ಹೊಡದಿಲ್ಲ ಬಿಡ್ರಿ," ಎನ್ನುತ್ತ ಅವಳು ಗಾಯಕ್ಕೆ ಅರಿಶಿನ ಒತ್ತಿದಳು. ನನ್ನ ಕೈ ಇನ್ನೂ ಹಾರಾಡುತ್ತಲೇ ಇತ್ತು.

ಹುಕ್ಕೇರಿ ಕಡೆಯ ಒಂದು ಹಳ್ಳಿಯಲ್ಲಿ ಬರೆ ಹಾಕುವ ಮುದುಕನಿದ್ದಾನೆ ಎಂದು ಯಾರೋ ಅಣ್ಣನಿಗೆ ಹೇಳಿದರು. "ಹಸಿವಿನ ನರ ಸತ್ತೈತಿ, ಸುಟ್ರ ಎಚ್ಚರ ಆಗತೈತಿ," ಎಂದನಂತೆ ಆ ಮುದುಕ. ನೀಲವ್ವ ಬಾಗಿಲಿಗೆ ಅಡ್ಡ ನಿಂತಳು. ಅಣ್ಣ ಅವಳನ್ನು ಬದಿಗೆ ಸರಿಸಿ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದ. ನಾನೂ ಹೋದೆ. ಹಸಿವು ಬರುವುದಾದರೆ ಬೆಂಕಿ ನುಂಗಲೂ ಸಿದ್ಧನಿದ್ದೆ.

ಮುದುಕ ಕುಡುಗೋಲಿನ ತುದಿಯನ್ನು ಕೆಂಡದಲ್ಲಿ ಕೆಂಪಗೆ ಮಾಡಿದ. ಅಣ್ಣ ನನ್ನ ಎರಡೂ ಭುಜಗಳನ್ನು ಚಾಪೆಗೆ ಒತ್ತಿ ಹಿಡಿದ, ಕುಸ್ತಿಯಲ್ಲಿ ಚಿತ್ ಮಾಡುವ ಹಾಗೆ. ಹೊಕ್ಕುಳ ಮೇಲೆ ಕಬ್ಬಿಣ ತಾಗಿತು. ನಾನು ಕೂಗಿದ ಕೂಗಿಗೆ ಮಾಳಿಗೆಯ ಪಾರಿವಾಳಗಳು ಎದ್ದವು. ಎರಡನೆಯ ಬರೆ, ಮೂರನೆಯದು. ನನ್ನ ಚರ್ಮ ಸುಟ್ಟ ವಾಸನೆ ನನಗೆ ಬರಲಿಲ್ಲ. ಅಣ್ಣ ಮುಖ ತಿರುಗಿಸಿ ಭುಜಕ್ಕೆ ಮೂಗು ಒತ್ತಿಕೊಂಡದ್ದನ್ನು ನೋಡಿ, ಅದು ವಾಸನೆ ಬರುವಂಥದ್ದು ಎಂದು ತಿಳಿದೆ. ಹಸಿವು ಬರಲಿಲ್ಲ. ಕೀವು ಬಂತು, ಜ್ವರ ಬಂತು. ಇದ್ದಬದ್ದ ಮಾಂಸವೂ ಹೋಯಿತು.

ಬರೆ ಮಾಯುವ ಮೊದಲೇ ಆ ಬೆಳಗು ಬಂತು. ನೀಲವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದೆ. ಅಣ್ಣ ಚರಿಗೆ ತಂದು ಲೋಟಕ್ಕೆ ಹಾಲು ಸುರಿದ.

"ಕುಡಿ."

"ಒಲ್ಲೆ."

"ಕುಡೀಲೇ. ಸಾಯತೀಯೇನ ನನ್ನ ಕಣ್ಣ ಮುಂದ?"

ನಾನು ಹಲ್ಲು ಬಿಗಿದೆ. ಅಣ್ಣ ಎದುರಿಗೆ ಮೊಣಕಾಲೂರಿ ಕುಳಿತು, ಕುರಿಗೆ ಔಷಧ ಕುಡಿಸುವ ಹಾಗೆ ನನ್ನ ಗದ್ದ ಮೇಲೆತ್ತಿ ಮೂಗು ಹಿಡಿದ. ಉಸಿರಿಗಾಗಿ ಬಾಯಿ ತೆರೆದೆ. ತೋರುಬೆರಳನ್ನು ದವಡೆಯ ನಡುವೆ ತೂರಿಸಿ ಹಾಲು ಹೊಯ್ದ. ಅದು ಅರ್ಧ ಗಂಟಲಿಗೆ, ಅರ್ಧ ಶ್ವಾಸಕ್ಕೆ ಹೋಯಿತು. ಕಣ್ಣು ಕತ್ತಲಿಟ್ಟಿತು. ನನ್ನ ದೇಹದಲ್ಲಿ ಇನ್ನೂ ನನ್ನ ಮಾತು ಕೇಳುತ್ತಿದ್ದದ್ದು ದವಡೆ ಒಂದೇ. ಅದನ್ನು ಮುಚ್ಚಿದೆ. ಎಲುಬು ಹಲ್ಲಿಗೆ ತಾಗಿತು. ಅಣ್ಣ ಕೂಗಿದ, ಇನ್ನೊಂದು ಕೈಯಿಂದ ನನ್ನ ಕಪಾಳಕ್ಕೆ ಬಾರಿಸಿದ. ನಾನು ಬಿಡಲಿಲ್ಲ. ಮತ್ತೆ ಬಾರಿಸಿದ. ಹಾಲು, ರಕ್ತ, ಜೊಲ್ಲು ಕೂಡಿ ನನ್ನ ಎದೆಯ ಮೇಲೆ ಹರಿಯಿತು.

ನೀಲವ್ವ ಓಡಿ ಬಂದವಳು ಒಲೆಯ ಬಳಿ ಬಿದ್ದಿದ್ದ ಕಬ್ಬಿಣದ ಊದುಗೊಳವೆ ಎತ್ತಿಕೊಂಡಳು. ಮದುವೆಯಾಗಿ ಬಂದಾಗಿನಿಂದ ಭಾವನ ಎದುರು ತಲೆ ಮೇಲೆ ಸೆರಗಿಲ್ಲದೆ ನಿಂತವಳಲ್ಲ. ಅವನ ಬೆನ್ನಿಗೆ, ಭುಜಕ್ಕೆ, ಮತ್ತೆ ಬೆನ್ನಿಗೆ ಹೊಡೆದಳು.

"ಬಿಡ್ರಿ ಭಾವಾರ! ಕೊಲ್ಲಾಕತ್ತೀರಿ ಅವರನ್ನ! ಹೋಗ್ರಿ ಹೊರಗ!"

"ಬದುಕಸಾಕತ್ತೇನಿ ತಂಗೀ," ಎಂದ ಅಣ್ಣ. ಜೋತುಬಿದ್ದ ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. "ಇವಂಗ ಉಣಿಸಿ ಬೆಳಸಿದಂವ ನಾ."

"ಹಂಗಾದ್ರ ಇನ್ನ ಉಣಸಬ್ಯಾಡ್ರಿ."

ಅವನು ಹೋದ. ಬೆರಳಿಗೆ ಹೊಲಿಗೆ ಬಿತ್ತು, ಗಂಟು ಇವತ್ತಿಗೂ ಮಡಚುವುದಿಲ್ಲ.

ಮರುದಿನ ಹಾಲು ಬರಲಿಲ್ಲ. ನನಗೋ ಹಟ. ಮನೆಯ ಯಾವ ಪದಾರ್ಥವನ್ನೂ ಮುಟ್ಟುವುದಿಲ್ಲ ಎಂದೆ. ನೀಲವ್ವ ಅತ್ತು ಕರೆದು ಕೊನೆಗೆ ಗುಳಿಗೆಯನ್ನಷ್ಟೇ ನೀರಿನ ಜೊತೆ ನುಂಗಿಸಿದಳು. ಗೋಡೆಗೆ ಮುಖ ಮಾಡಿ ಮಲಗಿದೆ. ಸ್ವಲ್ಪ ಹೊತ್ತಿಗೆ ಬಲಗೈ ಬೆರಳುಗಳು ತಾವಾಗಿಯೇ ಬಿಚ್ಚಿದವು. ಭುಜದ ಬಿಗಿ ಇಳಿಯಿತು. ಎದ್ದು ಕುಳಿತೆ. ಕಾಲು ನೆಲದಿಂದ ಎದ್ದವು. ಅಂಗಳಕ್ಕೆ ನಡೆದು ಹೋಗಿ, ಅಣ್ಣ ಬಿಟ್ಟುಹೋಗಿದ್ದ ಖಾಲಿ ಚರಿಗೆಯನ್ನು ಒದ್ದೆ. ಅದು ಬಾವಿಕಟ್ಟೆಗೆ ಬಡಿದು ಗಣಗಣ ಉರುಳಿತು.

ನೀಲವ್ವ ಬಂದು ನೋಡುತ್ತ ನಿಂತಳು. "ಇವತ್ತ ಹಾಲ ಕುಡದಿಲ್ಲ ನೀವು," ಎಂದಳು ಮೆಲ್ಲಗೆ.

ಮಾರನೆಯ ದಿನ ಬೇಕೆಂದೇ ಗುಳಿಗೆಯ ಜೊತೆ ಹಾಲು ಕೊಟ್ಟಳು. ಕಲ್ಲಾದೆ. ಅದರ ಮರುದಿನ ನೀರು. ನಡೆದೆ. ಆಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಕುಳಿತು ಅತ್ತೆವು. ಅಳು ಮುಗಿದ ಮೇಲೆ ಸಿಟ್ಟು ಬಂತು. ಸುಟ್ಟ ಹೊಟ್ಟೆ, ಸೀಳಿದ ಹುಬ್ಬು, ಮುರಿದ ಬೆರಳು, ಇದೆಲ್ಲ ಒಂದು ಲೋಟ ಹಾಲಿಗಾಗಿಯೇ?

ಘಟಪ್ರಭಾಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ರೈಲು ಹಿಡಿದು ಬೆಳಗಾವಿಗೆ ಹೋದೆವು. ಈ ಸಲ ಡಾಕ್ಟರ ಮೇಜಿಗೆ ಗುದ್ದಿದವನು ನಾನು. "ಮೊದ್ಲ ಯಾಕ ಹೇಳಲಿಲ್ರಿ?"

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಅಂಗಿ ಎತ್ತಿಸಿ ಬರೆಯ ಗಾಯ ನೋಡಿದರು. ಆಮೇಲೆ, "ಊಟಕ್ಕಿಂತ ಮೊದ್ಲ ಅಂತ ಹೇಳಿದ್ನಿ. ಹಾಲೂ ಊಟಾನ ಅಂತ ನಿಮಗ ತಿಳೀಲಿಲ್ಲ. ಏನ್ ಕುಡೀತೀರಿ ಅಂತ ನಾನೂ ಬಿಡಿಸಿ ಕೇಳಲಿಲ್ಲ," ಎಂದರು. ಹಾಲು, ತತ್ತಿ, ಮಟನ್ನಿನಂಥ ಆಹಾರ ಕೆಲವರಲ್ಲಿ ಈ ಗುಳಿಗೆಯ ದಾರಿಗೆ ಅಡ್ಡ ಬರುತ್ತದೆ, ಎಲ್ಲರಿಗೂ ಹೀಗೇ ಆಗುವುದಿಲ್ಲ ಎಂದು ತಿಳಿಸಿ ಹೇಳಿದರು. "ಆದ್ರ ಬಿಡಬ್ಯಾಡ್ರಿ. ನಿಮ್ಮ ಮೈಗೆ ಅದೂ ಬೇಕು. ಹೊತ್ತು ಬದ್ಲಿ ಮಾಡ್ರಿ. ಗುಳಿಗಿ ನೀರಿನ ಜೋಡಿ. ಹಾಲು, ಮಟನ್ ಸಂಜಿಗಿ ಇರಲಿ." ವಾಂತಿಗೆ ಬೇರೆ ಗುಳಿಗೆ ಕೊಟ್ಟರು. ಕೈಕಾಲಿನ ಹಾರಾಟ ನಿಲ್ಲಲೆಂದು, ಹೆಚ್ಚು ಮಾಡಿದ್ದ ಗುಳಿಗೆಯನ್ನು ಇಳಿಸಿದರು.

ಅದೇ ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸುವ ಒಬ್ಬರಿದ್ದರು. ನುಂಗುವುದನ್ನೂ ಕಲಿಯಬೇಕೇ ಎಂದು ನಾಚಿಕೆಯಿಂದ ಸತ್ತೆ. ಗದ್ದವನ್ನು ಎದೆಯ ಕಡೆ ಬಗ್ಗಿಸಿ ನುಂಗು, ಸಣ್ಣ ತುತ್ತು ಹಾಕು, ಬಾಯಲ್ಲಿ ಅನ್ನವಿದ್ದಾಗ ಮಾತು ಬೇಡ. ಒಣ ರೊಟ್ಟಿ ಬಿಟ್ಟು ನುಚ್ಚು, ಗಟ್ಟಿ ಅಂಬಲಿ, ಮೆತ್ತಗೆ ಬೇಯಿಸಿದ್ದು ತಿನ್ನು. ಅಕಸ್ಮಾತ್ ಸಿಕ್ಕಿಕೊಂಡು ಉಸಿರೇ ನಿಂತರೆ ಹಿಂದಿನಿಂದ ತಬ್ಬಿ ಹೊಟ್ಟೆಯನ್ನು ಹೇಗೆ ಮೇಲಕ್ಕೆ ಒತ್ತಬೇಕು ಎಂಬುದನ್ನು ನೀಲವ್ವನಿಗೆ ತೋರಿಸಿಕೊಟ್ಟರು.

ಈ ಸುದ್ದಿ ಅಣ್ಣನಿಗೆ ಮುಟ್ಟಿತು, ಆದರೆ ತಿರುಚಿಕೊಂಡು ಮುಟ್ಟಿತು. ಮೂಡಲಗಿಯ ಸಂತೆಯಲ್ಲಿ ನಿಂತು, "ನಾ ಕೊಟ್ಟ ಹಾಲ ವಿಷ ಅಂತ ಡಾಕ್ಟರ ಮುಂದ ಹೇಳ್ಯಾರ! ವಿಷ ಹಾಕೇನಂತ ನಾ ನನ್ನ ತಮ್ಮಗ!" ಎಂದು ಕೂಗಾಡಿದನಂತೆ. ಸಮಾಧಾನ ಮಾಡಲು ಬಂದ ಒಬ್ಬನನ್ನು ಟೊಮ್ಯಾಟೊ ಬುಟ್ಟಿಗಳ ಮೇಲೆ ಎಸೆದನಂತೆ. ನಾನು ಹೇಳಿಕಳಿಸಿದೆ. ಬರಲಿಲ್ಲ.

ನಾವಿಬ್ಬರೂ ಮತ್ತೆ ಎದುರಾದದ್ದು ಧುಪದಾಳದಲ್ಲಿ, ಸೋದರಮಾವನ ಮಗನ ಹೊಸ ಮನೆಯ ಊಟದಲ್ಲಿ. ಮಧ್ಯಾಹ್ನದ ಬಿಸಿಲು, ಅಂಗಳದಲ್ಲಿ ಪಂಕ್ತಿ. ಅಣ್ಣ ನನ್ನ ಎದುರು ಸಾಲಿನಲ್ಲಿ ಕುಳಿತಿದ್ದ. ತಲೆ ಎತ್ತಲಿಲ್ಲ. ನನ್ನ ತಾಟಿನಲ್ಲಿ ಅನ್ನ, ತೆಳು ಸಾರು ಮಾತ್ರ ಇತ್ತು. ಬಡಿಸುವವನು, "ಪೈಲ್ವಾನರ, ಇದೇನ್ರಿ ಕೂಸಿನ ಊಟ!" ಎಂದು ದೊಡ್ಡ ಮಟನ್ ತುಂಡು ಹಾಕಿದ. ಸುತ್ತಲಿನವರು ನಕ್ಕರು. ಬಹಳ ದಿನಗಳ ಮೇಲೆ ಯಾರೋ ಪೈಲ್ವಾನ ಅಂದಿದ್ದರು. ನೀಲವ್ವ ಹೆಂಗಸರ ಸಾಲಿನಲ್ಲಿದ್ದಳು. ತುಂಡನ್ನು ಬಾಯಿಗೆ ಹಾಕಿಕೊಂಡೆ. ಪಕ್ಕದವನು ಏನೋ ಕೇಳಿದ. ಉತ್ತರ ಹೇಳಲು ಹೋದೆ.

ಉಸಿರು ಕಟ್ ಎಂದು ನಿಂತಿತು. ಕೆಮ್ಮು ಬರಲಿಲ್ಲ, ದನಿ ಬರಲಿಲ್ಲ. ಕೈಯಿಂದ ನೆಲ ಬಡಿದೆ, ತಾಟು ಹಾರಿತು. ಯಾರೋ ನೆತ್ತಿ ತಟ್ಟಿದರು. ಇನ್ನೊಬ್ಬ ನೀರಿನ ಲೋಟವನ್ನು ತುಟಿಗೆ ಒತ್ತಿದ. ಅದನ್ನು ನೀಲವ್ವನ ಕೈ ಬಡಿದು ಕೆಡವಿತು. ಅವಳು ನನ್ನನ್ನು ಹಿಂದಿನಿಂದ ತಬ್ಬಿದಳು, ಆದರೆ ಒದ್ದಾಡುವ ನನ್ನನ್ನು ಹಿಡಿದು ನಿಲ್ಲಿಸುವ ಬಲ ಅವಳಿಗಿರಲಿಲ್ಲ. ಕಣ್ಣ ಮುಂದೆ ಬಿಸಿಲು ಕಪ್ಪಾಗುತ್ತಿತ್ತು. ಆ ಕಪ್ಪಿನಲ್ಲಿ ಅವಳ ಕೂಗು ಕೇಳಿತು.

"ಭಾವಾರ! ಹಿಂದಿಂದ ಹಿಡೀರಿ! ಹೊಕ್ಕಳ ಮ್ಯಾಲ, ಒಳಗ ಒತ್ತಿ ಮ್ಯಾಲ ಎಳೀರಿ!"

ಅಣ್ಣ ತಾಟುಗಳನ್ನು ತುಳಿದುಕೊಂಡೇ ಬಂದ. ಅವನ ತೋಳುಗಳು ನನ್ನನ್ನು ಸುತ್ತಿದವು. ಎಷ್ಟೋ ಸಲ ನನ್ನನ್ನು ಎತ್ತಿ ಒಗೆದ ತೋಳುಗಳು. ಒಮ್ಮೆ ಎಳೆದ. ಏನೂ ಆಗಲಿಲ್ಲ. ಮತ್ತೆ ಎಳೆದಾಗ ನನ್ನ ಪಾದಗಳು ನೆಲ ಬಿಟ್ಟವು. ಪಕ್ಕೆಯೊಳಗೆ ಲಟ್ಟೆಂದು ಏನೋ ಮುರಿಯಿತು. ಮತ್ತೆ ಎಳೆದ. ಮಟನ್ ತುಂಡು ಹಾರಿ ಅಂಗಳಕ್ಕೆ ಬಿತ್ತು. ಗಾಳಿ ಚೂರಿಯಂತೆ ಎದೆಯೊಳಗೆ ನುಗ್ಗಿತು.

ಉಸಿರು ಬಂದದ್ದೇ ತಡ, ತಿರುಗಿ ಅಣ್ಣನ ಮುಖಕ್ಕೆ ಗುದ್ದಿದೆ. ಯಾಕೆ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಬಹುಶಃ ದೇಹಕ್ಕೆ ಇನ್ನೂ ಸಾಯುತ್ತಿದ್ದೇನೆ ಎಂದೇ ಅನಿಸಿತ್ತು. ಅವನ ಮೂಗಿನಿಂದ ರಕ್ತ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ.

"ಹೊಡಿ," ಎಂದ. "ಇನ್ನೊಂದ ಹೊಡಿ. ಹೊಡಿಯೋ ನಮ್ಮಪ್ಪಾ." ಹೇಳುತ್ತ ಹೇಳುತ್ತ ಅಳತೊಡಗಿದ. ನಾನು ಅವನ ಎದೆಗೆ ಕುಸಿದೆ.

ಘಟಪ್ರಭಾದ ಆಸ್ಪತ್ರೆಯಲ್ಲಿ ಪಕ್ಕೆಲುಬು ಮುರಿದಿದೆ ಎಂದರು. ಅಣ್ಣ ಹೊರಗಿನ ಬೆಂಚಿನಲ್ಲಿ ನೀಲವ್ವನ ಪಕ್ಕ ಕುಳಿತು ಎಲ್ಲವನ್ನೂ ಕೇಳಿ ತಿಳಿದುಕೊಂಡ. ಯಾವುದು ಯಾವಾಗ, ಎಷ್ಟು ಮೆತ್ತಗೆ, ಎಷ್ಟು ಸಣ್ಣಗೆ. ಬರೆ ಹಾಕಿಸಿದ್ದರ ಮಾತು ಬಂದಾಗ ಎದ್ದು ಹೋಗಿ ಆಸ್ಪತ್ರೆಯ ಗೋಡೆಗೆ ಹಣೆ ಒತ್ತಿ ನಿಂತಿದ್ದ ಎಂದು ನೀಲವ್ವ ಆಮೇಲೆ ಹೇಳಿದಳು.

ಈಗ ನನ್ನ ಮೈಮೇಲೆ ಸ್ವಲ್ಪ ಮಾಂಸ ಬಂದಿದೆ. ಪೂರ್ತಿ ಬಂದಿಲ್ಲ, ಬರುವುದೂ ಇಲ್ಲ. ಗುಳಿಗೆ ಕೈಕೊಡುವ ದಿನಗಳಿವೆ. ಸಿಟ್ಟಿನಲ್ಲಿ ತಾಟು ಎಸೆಯುವ ದಿನಗಳೂ ಇವೆ. ನನ್ನ ದನಿ ಸಣ್ಣದಾಗಿದೆ, ಕೂಗಿದರೂ ಪಿಸುಗುಟ್ಟಿದಂತೆ ಕೇಳುತ್ತದೆ. ಅದರಿಂದಾಗಿಯೇ ಮೊನ್ನೆ ಬೆಳಗಾವಿಯಲ್ಲಿ ಒಂದು ರಂಪವಾಯಿತು.

ಡಾಕ್ಟರ ಕೋಣೆಯ ಹೊರಗೆ ಅಣ್ಣನೊಂದಿಗೆ ಕುಳಿತಿದ್ದೆ. ಗೋಕಾಕದ ಕಡೆಯ ಒಂದು ಕುಟುಂಬ ಬಂದಿತ್ತು. ಎಲುಬಿನ ಗೂಡಾಗಿದ್ದ ಗಂಡ, ಹೆಂಡತಿ, ಗಟ್ಟಿಮುಟ್ಟಾದ ಮಗ. ಹೆಂಡತಿ ಚೀಲದಿಂದ ಗುಳಿಗೆ ತೆಗೆದಳು. ನನ್ನದೇ ಗುಳಿಗೆ, ಅದೇ ಬಣ್ಣ. ಅದನ್ನು ಗಂಡನ ನಾಲಿಗೆಯ ಮೇಲಿಟ್ಟು, ಥರ್ಮಾಸಿನಿಂದ ಲೋಟಕ್ಕೆ ಹಾಲು ಬಗ್ಗಿಸಿ ತುಟಿಗೆ ಹಿಡಿದಳು.

"ತಡೀರಿ ಅಕ್ಕಾರ," ಎಂದೆ. ಯಾರಿಗೂ ಕೇಳಲಿಲ್ಲ. ಮತ್ತೆ ಕೂಗಿದೆ. ಗಂಡ ಬಾಯಿ ತೆರೆಯುತ್ತಿದ್ದ. ಎದ್ದು ಎರಡು ಹೆಜ್ಜೆ ಧಾವಿಸಿ ಲೋಟಕ್ಕೆ ಬಡಿದೆ. ಹಾಲು ಅವಳ ಸೀರೆಯ ಮೇಲೆ, ನೆಲದ ಮೇಲೆ ಚೆಲ್ಲಿತು. ಮಗ ನನ್ನ ಎದೆಗೆ ಕೈ ಹಾಕಿ ದಬ್ಬಿದ. ಬೆನ್ನು ನೆಲಕ್ಕೆ ಬಡಿಯಿತು, ಹಳೆಯ ಪಕ್ಕೆಲುಬು ಚೀರಿತು. ಅಷ್ಟರಲ್ಲಿ ಅಣ್ಣ ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದ್ದ. ನರ್ಸುಗಳು ಕೂಗುತ್ತಿದ್ದರು, ಜನ ಎದ್ದು ನಿಂತಿದ್ದರು.

ಆ ಹೆಂಗಸು ಮಾತ್ರ ನನ್ನ ಪಕ್ಕ ಹಾಲಿನಲ್ಲೇ ಕುಕ್ಕರುಗಾಲಲ್ಲಿ ಕುಳಿತು ಬಾಯಿಯ ಹತ್ತಿರ ಕಿವಿ ತಂದಳು.

"ಯಾಕ ಚೆಲ್ಲಿದ್ರಿ?"

"ಇದನ್ನ ಕುಡದ ಮ್ಯಾಲ," ಎಂದೆ ಏದುಸಿರು ಬಿಡುತ್ತ, "ಅವರು ಕಲ್ಲ ಆಗತಾರೇನ್ರಿ?"

ಅವಳು ತಿರುಗಿ ಗಂಡನನ್ನು ನೋಡಿದಳು.

"ದಿನಾ," ಎಂದಳು.

"ಒಳಗ ಹೋದಾಗ ಡಾಕ್ಟರನ್ನ ಇದನ್ನ ಮೊದ್ಲ ಕೇಳ್ರಿ. ನನ್ನ ಮಾತ ನಂಬಬ್ಯಾಡ್ರಿ. ಅವರನ್ನ ಕೇಳ್ರಿ."

ಅವಳು ಥರ್ಮಾಸಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಆಮೇಲೆ ತಲೆ ಎತ್ತಿ ಮಗನಿಗೆ ಗದರಿದಳು: "ನಿಂತ ಏನ್ ನೋಡತೀಯೋ? ಕಾಕಾನ್ನ ಎಬ್ಬಿಸು."

ಅಣ್ಣ ಕಾಲರ್ ಬಿಟ್ಟ. ಒಂದು ಕಡೆ ಅವನು, ಇನ್ನೊಂದು ಕಡೆ ನನ್ನನ್ನು ಕೆಡವಿದ ಮಗ, ಇಬ್ಬರೂ ಕಂಕುಳಿಗೆ ಕೈ ಕೊಟ್ಟು ಎತ್ತಿ, ಆ ಮನುಷ್ಯನ ಪಕ್ಕದಲ್ಲೇ ಕೂರಿಸಿದರು. ಅವನ ಮುಖ ಗೋಡೆಯಂತಿತ್ತು. ಕಣ್ಣು ಮಾತ್ರ ನನ್ನ ಕಡೆ ತಿರುಗಿದವು. ತುಟಿ ಅಲುಗಿದವು, ದನಿ ನನ್ನದಕ್ಕಿಂತ ಸಣ್ಣದು. ಬಗ್ಗಿ ಕೇಳಿಸಿಕೊಂಡೆ.

"ಮಟನ್?" ಎಂದು ಕೇಳುತ್ತಿದ್ದ.

"ತಿನ್ನಬಹುದ್ರಿ," ಎಂದೆ. "ಹೊತ್ತು ನೋಡಿ, ತಲಿ ಬಗ್ಗಿಸಿ ತಿನ್ನಬೇಕು."

ಅವನ ಮುಖ ಬದಲಾಗಲಿಲ್ಲ. ಆದರೆ ನಡುಗುವ ಕೈ ಬಂದು ನನ್ನ ನಡುಗುವ ಕೈಯನ್ನು ಹಿಡಿಯಿತು. ಒಳಗಿನಿಂದ ಹೆಸರು ಕೂಗುವವರೆಗೂ ಇಬ್ಬರೂ ಹಾಗೇ ನಡುಗುತ್ತ ಕುಳಿತಿದ್ದೆವು.